ಭುಜದ ಶಸ್ತ್ರಚಿಕಿತ್ಸೆಗೆ ಮುಂಚಿನ ಸೋಂಕಿನ ತಪಾಸಣೆ: ನಮ್ಮ ಅನುಭವ

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಭುಜದ ಸ್ನಾಯುರಜ್ಜು ಹರಿದುಕೊಂಡ ನನ್ನ ತಮ್ಮನನ್ನು ವಿರಾಜಪೇಟೆಯಿಂದ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ಸ್ಕ್ಯಾನ್ ನೋಡಿದ ಕೂಡಲೇ ವೈದ್ಯರು ದಿನಾಂಕ ಕೊಡುತ್ತಾರೆಂದುಕೊಂಡಿದ್ದ ನಮಗೆ ಅವರು ಮೊದಲು ಕೇಳಿದ್ದು ಬೇರೆಯೇ ಪ್ರಶ್ನೆಗಳು: ಈ ಭುಜಕ್ಕೆ ಹಿಂದೆ ಶಸ್ತ್ರಚಿಕಿತ್ಸೆ ಆಗಿದೆಯೇ, ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ಔಷಧಿಯಾಗಿ ತೆಗೆದುಕೊಳ್ಳುತ್ತಿದ್ದೀರಾ, ನೋವಿಗೆಂದು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದೀರಾ? ಇಂಜೆಕ್ಷನ್ ಹಾಕಿಸಿ ಹತ್ತು ದಿನವಷ್ಟೇ ಆಗಿದೆಯೆಂದು ತಮ್ಮ ಒಪ್ಪಿಕೊಂಡದ್ದೇ ತಡ, ಸೋಂಕಿನ ಅಪಾಯವಿದೆಯೆಂದು ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು.

ಕಾರಣವನ್ನು ಅವರು ಅವಸರವಿಲ್ಲದೆ ವಿವರಿಸಿದರು. ಮೊಡವೆಯ ಜೊತೆ ಹೆಸರು ಕೇಳಿಬರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಭುಜದ ಚರ್ಮದ ಎಣ್ಣೆಗ್ರಂಥಿಗಳ ಆಳದಲ್ಲಿ ಇರುವುದರಿಂದ, ಮೇಲೆ ಎಷ್ಟು ಚೆನ್ನಾಗಿ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಒರೆಸಿದರೂ ಅದು ಪೂರ್ತಿ ಸಾಯುವುದಿಲ್ಲ, ಕತ್ತರಿಸಿದಾಗ ಒಳಗಿಳಿಯಬಹುದು. ಗಂಡಸರಲ್ಲಿ, ಅದರಲ್ಲೂ ಹರೆಯದವರಲ್ಲಿ, ಇದು ಹೆಚ್ಚು. ಸೋಂಕಾದರೂ ಜ್ವರ, ಕೀವು ಇಲ್ಲದೆ, ತಿಂಗಳುಗಳ ನಂತರ ಬರೀ ನೋವು ಮತ್ತು ಬಿಗಿತವಾಗಿ ಕಾಣಿಸಿಕೊಳ್ಳಬಹುದು, ರಕ್ತಪರೀಕ್ಷೆಯೂ ಸರಿಯಾಗಿಯೇ ಇರಬಹುದು. ಅದಕ್ಕೇ ಮುಂಚಿತವಾಗಿ, ಔಷಧಿ ಹಚ್ಚದ ಚರ್ಮದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಬೆಳೆಸಿ ನೋಡುವುದು. ಚರ್ಮದ ಮೇಲೆ ಹೆಚ್ಚು ಬೆಳೆದವರಿಗೆ ಒಳಗಾಯದಲ್ಲೂ ಸಿಗುವ ಸಾಧ್ಯತೆ ಹೆಚ್ಚು, ಆದರೆ ಅದು ಸೋಂಕಾಗಿಯೇ ತೀರುತ್ತದೆ ಎಂಬ ಭವಿಷ್ಯವಾಣಿಯಲ್ಲ ಎಂದು ಅವರು ಒತ್ತಿ ಹೇಳಿದ್ದು ನನಗೆ ಹಿಡಿಸಿತು.

ಇಷ್ಟು ಒಳ್ಳೆಯ ಕೆಲಸವನ್ನು ಕೆಡಿಸಿದ್ದು ಕೌಂಟರ್. ನಾಲ್ಕು ದಿನಕ್ಕೆ ರಿಪೋರ್ಟ್ ಸಿಗುತ್ತದೆಂಬ ಕೌಂಟರಿನವರ ಮಾತು ನಂಬಿ, ಮಳೆಯಲ್ಲಿ ಬೆಳಗ್ಗೆ ಐದಕ್ಕೇ ಬಸ್ಸು ಹತ್ತಿ ಹೋದರೆ, ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ 14 ದಿನ ಇಟ್ಟು ನೋಡಬೇಕೆಂದು ಲ್ಯಾಬಿನ ಹುಡುಗ ಹೇಳಿದ. ಮೊದಲ ದಿನವೇ ಹೇಳಿದ್ದರೆ ಒಂದು ಪ್ರಯಾಣ, ಒಂದು ದಿನದ ಕೂಲಿ ಉಳಿಯುತ್ತಿತ್ತು. ಕೊಡಗಿನಿಂದ ಹೋಗುವವರು ಮಾದರಿ ಕೊಡುವಾಗಲೇ ಲ್ಯಾಬನ್ನೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬೆಳವಣಿಗೆ ಹೆಚ್ಚಿದ್ದುದರಿಂದ, ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳಲ್ಲಿ ಭುಜಕ್ಕೂ ಕಂಕುಳಿಗೂ ಹಚ್ಚಲು, ಈ ಬ್ಯಾಕ್ಟೀರಿಯಾವನ್ನು ತಗ್ಗಿಸುವ ಶೇಕಡಾ 5ರ ಬೆನ್‌ಜಾಯಿಲ್ ಪೆರಾಕ್ಸೈಡ್ ಜೆಲ್ ಬರೆದುಕೊಟ್ಟರು. ಅದು ಬಟ್ಟೆಯ ಬಣ್ಣ ತೆಗೆಯುತ್ತದೆಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ನೀಲಿ ಟವೆಲ್ಲಿನ ಮೇಲೆ ಬಿದ್ದ ಬಿಳಿ ಮಚ್ಚೆಗಳಿಗೆ ಅಮ್ಮ ಎರಡು ದಿನ ಸೋಪಿನ ಪುಡಿಯನ್ನು ಬೈದರು.