ಯಮಹಾ, ಡೆನಾನ್ ಮತ್ತು ಕೆಂಪು ಗಾರೆ ನೆಲ: ಎವಿ ರಿಸೀವರ್‌ಗಳ ಜೊತೆ ಆರು ವರ್ಷ

ನಮ್ಮ ಮನೆ ಸಾಗರದ ಹತ್ತಿರ. ಹಳೇ ಮನೆ. ಹೆಂಚಿನ ಮಾಡು, ಅದರ ಕೆಳಗೆ ಮರದ ಮುಚ್ಚಿಗೆ, ಕೆಂಪು ಗಾರೆ ನೆಲ. ಹಾಲ್ 16 ಅಡಿ ಉದ್ದ, 12 ಅಡಿ ಅಗಲ. ಎವಿ ರಿಸೀವರ್ ಅಂದರೆ ಟಿವಿ, ಸೆಟ್‌ಟಾಪ್ ಬಾಕ್ಸಿನ ಶಬ್ದವನ್ನು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್ ಡಬ್ಬಿ. ಅದರ ವಿಮರ್ಶೆಯಲ್ಲಿ ಮನೆಯ ವರ್ಣನೆ ಯಾಕೆ ಅಂತೀರಾ? 'ಈ ಬ್ರಾಂಡಿನ ಸೌಂಡ್ ಮೆತ್ತಗಿದೆ, ಆ ಬ್ರಾಂಡಿನದು ಕಿವಿಗೆ ಚುಚ್ಚುತ್ತದೆ' ಎಂದು ಯಾರಾದರೂ ಹೇಳಿದರೆ ಈಗ ನಾನು ಮೊದಲು ಕೇಳುವುದೇ 'ನಿಮ್ಮ ಹಾಲ್‌ಗೆ ಯಾವ ನೆಲ?' ಅಂತ.

2019ರಲ್ಲಿ ಯಮಹಾ ಆರ್‌ಎಕ್ಸ್-ವಿ385 ತಂದೆ. 5.1 ಚಾನೆಲ್ (ಐದು ಸ್ಪೀಕರ್, ಜೊತೆಗೆ ಬಾಸ್‌ಗೆಂದೇ ಒಂದು ಸಬ್‌ವೂಫರ್), ನಾಲ್ಕು ಎಚ್‌ಡಿಎಂಐ ಇನ್‌ಪುಟ್, ಬ್ಲೂಟೂತ್. ಅಟ್ಮಾಸ್ (ತಲೆಯ ಮೇಲಿನಿಂದಲೂ ಶಬ್ದ ಬರುವ ಡಾಲ್ಬಿ ವ್ಯವಸ್ಥೆ) ಇಲ್ಲ, ವೈಫೈ ಇಲ್ಲ. 2021ರಲ್ಲಿ ಅಟ್ಮಾಸ್ ಆಸೆಗೆ ಬಿದ್ದು ಇನ್ನೊಂದು ಬ್ರಾಂಡಿನದು ಕೊಂಡೆ. ಅದರ ಹೆಸರು ಬೇಡ, ಕಥೆ ಮುಂದೆ ಬರುತ್ತದೆ. 2022ರ ಕೊನೆಯಿಂದ ಇರುವುದು ಡೆನಾನ್ ಎವಿಆರ್-ಎಕ್ಸ್1700ಎಚ್. ಸ್ಪೀಕರ್ ಮಾತ್ರ ಮೊದಲಿನಿಂದಲೂ ಅವೇ. ಅಟ್ಮಾಸ್‌ಗೆಂದು ಮೇಲೆ ಎರಡು ಸೇರಿಸಿದ್ದೇನೆ, ಅಷ್ಟೇ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಯಾವುದರ ಸೌಂಡ್ ಚೆನ್ನಾಗಿದೆ? ಡೆನಾನ್ ಬಂದ ವಾರ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಯಮಹಾ, ಡೆನಾನ್ ಎರಡನ್ನೂ ಪಕ್ಕ ಪಕ್ಕ ಇಟ್ಟು, ಎರಡರಲ್ಲೂ ಡೈರೆಕ್ಟ್ ಮೋಡ್ ಹಾಕಿದೆ. ಅಂದರೆ ರಿಸೀವರ್ ತನ್ನ ಕಡೆಯಿಂದ ಉಪ್ಪು ಖಾರ ಏನೂ ಸೇರಿಸಬಾರದು. ಫೋನಿನ ಡೆಸಿಬಲ್ ಆಪ್ ಹಿಡಿದು ವಾಲ್ಯೂಮ್ ಸಮ ಮಾಡಿದೆ. ಈ ಒಂದು ಕೆಲಸ ಬಿಡಬೇಡಿ. ಒಂದೆರಡು ಡೆಸಿಬಲ್ ಜೋರಾಗಿರುವುದೇ ಯಾವಾಗಲೂ 'ಚೆನ್ನಾಗಿ' ಕೇಳುತ್ತದೆ. ಆಮೇಲೆ ನಾನು ಗೋಡೆಗೆ ಮುಖ ಮಾಡಿ ಕೂತೆ. ಮಗಳು ಸ್ಪೀಕರ್ ವೈರಿನ ಬನಾನಾ ಪ್ಲಗ್ ಕಿತ್ತು ಚುಚ್ಚಿ, ಯಾವುದಕ್ಕೆ ಹಾಕಿದ್ದೇನೆಂದು ಹೇಳದೆ ಹಾಡು ಹಾಕಿದಳು. ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು ಅಲ್ವಾ? ಡೆನಾನ್‌ಗೆ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಕೊಟ್ಟಿದ್ದೆ. ಹೆಂಡತಿ ಏನೂ ಅನ್ನಲಿಲ್ಲ, ಸುಮ್ನೆ ನಕ್ಕಳು.

ಆಮೇಲೆ ಇಬ್ಬರೂ ಸೇರಿ ನೆಲಕ್ಕೆ ದಪ್ಪ ಜಮಖಾನೆ ಹಾಸಿದೆವು. ಆ ವ್ಯತ್ಯಾಸವನ್ನು ಅಮ್ಮ ಅಡುಗೆಮನೆಯಿಂದಲೇ ಗುರುತಿಸಿದರು.

ಹಾಗಂತ ಎರಡೂ ಒಂದೇ ಅಂತಲ್ಲ. ವ್ಯತ್ಯಾಸ ಶುರುವಾಗುವುದು ಮೈಕ್ ಚುಚ್ಚಿದ ಮೇಲೆ. ಡಬ್ಬಿಯಲ್ಲಿ ಸಣ್ಣ ಮೈಕ್ ಬರುತ್ತದೆ. ರಿಸೀವರ್ ಸ್ಪೀಕರ್‌ಗಳಿಂದ ಟುಂಯ್ ಟುಂಯ್ ಶಬ್ದ ಬಿಟ್ಟು, ಕೋಣೆಯ ಗುಣ ಅಳೆದು, ತಾನೇ ಹೊಂದಿಸಿಕೊಳ್ಳುತ್ತದೆ. ಯಮಹಾದಲ್ಲಿ ಇದರ ಹೆಸರು ವೈಪಿಎಒ. ನನ್ನ ಮಾಡೆಲ್‌ನಲ್ಲಿ ಒಂದೇ ಜಾಗದಲ್ಲಿ ಅಳತೆ. ಐದು ನಿಮಿಷದ ಕೆಲಸ. ಡೆನಾನ್‌ನಲ್ಲಿ ಆಡಿಸಿ ಮಲ್ಟ್‌ಇಕ್ಯು ಎಕ್ಸ್‌ಟಿ. ಎಂಟು ಜಾಗದಲ್ಲಿ ಅಳೆಯಬಹುದು. ಮೈಕ್ ಇಡಲು ರಟ್ಟಿನ ಸ್ಟ್ಯಾಂಡ್ ಕೂಡ ಕೊಡುತ್ತಾರೆ. ಅರ್ಧ ಗಂಟೆ ಮನೆಯಲ್ಲಿ ಯಾರೂ ಉಸಿರು ಬಿಡುವ ಹಾಗಿಲ್ಲ. ನಾನು ಮಾಡುವಾಗ ಪಕ್ಕದ ತೋಟದಲ್ಲಿ ಕಳೆ ಹೊಡೆಯುವ ಮಷೀನ್ ಶುರುವಾಗಿ ಮೂರು ಸಲ ಮೊದಲಿನಿಂದ ಮಾಡಬೇಕಾಯಿತು.

ಫಲ ಸಿಕ್ಕಿದ್ದು ಬಾಸ್‌ನಲ್ಲಿ. ಮೊದಲು ಸೋಫಾದ ಒಂದು ತುದಿಯಲ್ಲಿ ಗುಂಯ್ ಅನ್ನುತ್ತಿತ್ತು, ಇನ್ನೊಂದು ತುದಿಯಲ್ಲಿ ಏನೂ ಇಲ್ಲ. ಈಗ ಮೂರು ಸೀಟಿಗೂ ಹೆಚ್ಚು ಕಡಿಮೆ ಒಂದೇ ತರ. ಆದರೆ ಮಾತಿನ ದನಿ ಒಂಚೂರು ಹಿಂದೆ ಸರಿದ ಹಾಗೆ ಕೇಳಿತು. ಆಡಿಸಿ 2 ಕಿಲೋಹರ್ಟ್ಸ್ ಸುತ್ತ ಬೇಕೆಂದೇ ಸ್ವಲ್ಪ ತಗ್ಗಿಸುತ್ತದೆ. ಅದು ಅವರ ಲೆಕ್ಕಾಚಾರ, ಕೆಲವರಿಗೆ ಹಿಡಿಸುತ್ತದೆ. ನನಗೆ ಹಿಡಿಸಲಿಲ್ಲ. ಹಣ ಕೊಟ್ಟು ಕೊಳ್ಳುವ ಆಡಿಸಿ ಎಡಿಟರ್ ಆಪ್‌ನಲ್ಲಿ ಇದನ್ನು ಆಫ್ ಮಾಡಬಹುದು. ತಿದ್ದುಪಡಿ 300 ಹರ್ಟ್ಸ್‌ನ ಕೆಳಗೆ ಮಾತ್ರ ನಡೆಯುವ ಹಾಗೆ ಮಾಡಲೂಬಹುದು. ನಾನು ಎರಡನ್ನೂ ಮಾಡಿದೆ. ಜೊತೆಗೆ ಎಲ್ಲ ಸ್ಪೀಕರನ್ನೂ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟು (ಅದಕ್ಕಿಂತ ಕೆಳಗಿನ ಬಾಸ್ ಸಬ್‌ವೂಫರ್‌ಗೆ ಹೋಗಲೆಂದು), ಸೆಂಟರ್ ಸ್ಪೀಕರ್ 2 ಡೆಸಿಬಲ್ ಏರಿಸಿದೆ. ಆಮೇಲೆ ಅಮ್ಮ ಸೀರಿಯಲ್ ನೋಡುವಾಗ 'ಏನಂದ್ಲು ಅವಳು?' ಎಂದು ಕೇಳುವುದು ನಿಂತಿತು.

ಅಟ್ಮಾಸ್ ಬಗ್ಗೆ ಮಲೆನಾಡಿನವರಿಗೆ ಒಂದು ಮಾತು. ಮೇಲಕ್ಕೆ ಶಬ್ದ ಹಾರಿಸಿ ತಾರಸಿಯಿಂದ ಪುಟಿಸುವ ಸ್ಪೀಕರ್ ಸಿಗುತ್ತವೆ. ಅವಕ್ಕೆ ಚಪ್ಪಟೆಯಾದ, ಗಟ್ಟಿಯಾದ ತಾರಸಿ ಬೇಕು. ಇಳಿಜಾರಿನ ಮುಚ್ಚಿಗೆಗೆ ಹೊಡೆದರೆ ಶಬ್ದ ಎಲ್ಲಿಗೋ ಹೋಗುತ್ತದೆ. ನಾನು ಒಂದು ತಿಂಗಳು ಒದ್ದಾಡಿ, ಕೊನೆಗೆ ಎರಡು ಸಣ್ಣ ಸ್ಪೀಕರನ್ನು ತೊಲೆಗೇ ಕೂರಿಸಿದೆ. ಈಗ ಸಿನಿಮಾದಲ್ಲಿ ಮಳೆ ಬಂದರೆ ನಮ್ಮ ಹೆಂಚಿನ ಮೇಲೇ ಬಂದ ಹಾಗಿರುತ್ತದೆ. ಜೂನ್ ತಿಂಗಳಲ್ಲಿ ಯಾವ ಮಳೆ ಯಾವುದು ಅಂತ ಗೊತ್ತಾಗುವುದಿಲ್ಲ ಬಿಡಿ. ಇನ್ನೊಂದು ವಿಷಯ. ಓಟಿಟಿಯಲ್ಲಿ ಬರುವ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಮೂಲಕ ಬರುತ್ತದೆ. ಅದಕ್ಕೆ ಟಿವಿಯ ಮಾಮೂಲಿ ಎಆರ್‌ಸಿ (ಟಿವಿಯ ಶಬ್ದವನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಕಳಿಸುವ ದಾರಿ) ಸಾಕು. ಟಿವಿಗೆ ಬ್ಲೂರೇ ಪ್ಲೇಯರ್ ಚುಚ್ಚಿ, ಗುಣಮಟ್ಟ ಕಳೆಯದ ಟ್ರೂಎಚ್‌ಡಿ ಶಬ್ದ ಕಳಿಸುವಂಥವರಿಗೆ ಅದರ ಅಣ್ಣ ಇಎಆರ್‌ಸಿ ಬೇಕಾಗುತ್ತದೆ.

ಈಗ ಹೆಸರು ಬೇಡ ಅಂದ ಆ ಎರಡನೆಯದರ ಕಥೆ. 2022ರ ಮೇ ತಿಂಗಳು, ಸಂಜೆ, ಗುಡುಗು. ನಾನು ಪ್ಲಗ್ ಕಿತ್ತಿದ್ದೆ. ಡಿಶ್ಶಿನ ಕೇಬಲ್ ಕೀಳಲಿಲ್ಲ. ಎಲ್ಲೋ ಹತ್ತಿರ ಹೊಡೆದ ಸಿಡಿಲಿನ ಕರೆಂಟು ಆ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಇಳಿಯಿತು. ಎಚ್‌ಡಿಎಂಐ ಬೋರ್ಡ್ ಸತ್ತಿತು. ಸರ್ವೀಸ್‌ನವರು ಎರಡು ತಿಂಗಳು ಇಟ್ಟುಕೊಂಡು, ಹೊಸ ರಿಸೀವರಿನ ಅರ್ಧ ಬೆಲೆ ಹೇಳಿದರು. ವಾಪಸ್ ತಂದೆ. ಸಿಡಿಲಿಗೆ ಬ್ರಾಂಡ್ ಭೇದ ಇಲ್ಲ, ತಪ್ಪು ನನ್ನದೇ. ಈಗ ಮೋಡ ಕಪ್ಪಾದರೆ ಕರೆಂಟಿನ ಜೊತೆ ಡಿಶ್, ಇಂಟರ್‌ನೆಟ್ ವೈರ್ ಎಲ್ಲವನ್ನೂ ಕೀಳುತ್ತೇನೆ. ಆ ಆರು ತಿಂಗಳು ಅಟ್ಟದಿಂದ ಇಳಿದು ಬಂದು ಕೆಲಸ ಮಾಡಿದ್ದು ಹಳೇ ಯಮಹಾ.

ವ್ಯಾಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಡೆನಾನ್‌ನ 80 ವ್ಯಾಟ್ ಅನ್ನುವುದು ಎರಡು ಚಾನೆಲ್ ಮಾತ್ರ ಓಡಿದಾಗಿನ ಲೆಕ್ಕ. ಕೆಲವು ಡಬ್ಬಿಗಳ ಮೇಲೆ ಒಂದೇ ಚಾನೆಲ್ ಓಡಿಸಿ ಅಳೆದ ದೊಡ್ಡ ಸಂಖ್ಯೆ ಇರುತ್ತದೆ. ವ್ಯಾಟ್ ಎರಡು ಪಟ್ಟಾದರೂ ಸಿಗುವುದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಬೇರೆ ಬ್ರಾಂಡ್‌ಗಳಲ್ಲಿ ನಾನು ಹೊತ್ತು ಕಳೆದಿರುವುದು ಆಂಕಿಯೋ ಟಿಎಕ್ಸ್-ಆರ್‌ಝಡ್50 ಜೊತೆ. ಬೆಂಗಳೂರಿನ ಭಾಮೈದನ ಮನೆಯಲ್ಲಿದೆ. ಅದರಲ್ಲಿ ಆಡಿಸಿ ತರದ್ದೇ ಆದ ಡಿರಾಕ್ ಲೈವ್ ಇದೆ. ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ಬೇಕಾದ ಹಾಗೆ ಸೌಂಡ್ ತಿದ್ದಬಹುದು. ಬಾಸ್ ಹಿಡಿತದಲ್ಲಿ ಅದು ನನ್ನ ಡೆನಾನ್‌ಗಿಂತ ಮೇಲು, ಒಪ್ಪುತ್ತೇನೆ. ಆದರೆ ಭಾಮೈದ ಸಿನಿಮಾ ನೋಡುವುದಕ್ಕಿಂತ ಗೆರೆ ಎಳೆಯುವುದೇ ಹೆಚ್ಚು. ಆಂಕಿಯೋದ ಮೂಲ ಸಂಸ್ಥೆ 2022ರಲ್ಲಿ ಜಪಾನಿನಲ್ಲಿ ದಿವಾಳಿಯಾಯಿತು. ರಿಸೀವರ್ ವ್ಯವಹಾರ ಅಷ್ಟರಲ್ಲೇ ಬೇರೆಯವರ ಕೈಗೆ ಹೋಗಿತ್ತು. ಕೊಳ್ಳುವ ಮುಂಚೆ ನಿಮ್ಮ ಊರಿನ ಕಡೆ ಸರ್ವೀಸ್ ಯಾರು ಮಾಡುತ್ತಾರೆ ಎಂದು ಕೇಳಿ. ಮರಾಂಟ್ಜ್ ಮತ್ತು ಡೆನಾನ್ ಒಂದೇ ಮನೆಯ ಅಣ್ಣತಮ್ಮಂದಿರು. ಆಡಿಸಿ ಎರಡರಲ್ಲೂ ಇದೆ. ಚೆಲುವು ಮರಾಂಟ್ಜ್‌ನಲ್ಲಿ ಜಾಸ್ತಿ, ಬೆಲೆಯೂ ಹಾಗೇ. ಸೋನಿಯನ್ನು ಅಂಗಡಿಯಲ್ಲಿ ಮಾತ್ರ ಕೇಳಿದ್ದೇನೆ, ಅದರ ಬಗ್ಗೆ ಮಾತಾಡುವುದಿಲ್ಲ.

ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಲ್ಲಿನ ರಿಸೀವರ್‌ಗೆ 120 ವೋಲ್ಟ್ ಬೇಕು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು.

ದಿನದ ಬಳಕೆಗೆ ಡೆನಾನ್‌ನ ನಾಲ್ಕು ಕ್ವಿಕ್ ಸೆಲೆಕ್ಟ್ ಬಟನ್ ನನಗೆ ತುಂಬಾ ಇಷ್ಟ. ಒಂದನೆಯದು ಅಮ್ಮನದು, ಎರಡು ಸಿನಿಮಾ, ಮೂರು ಮಗಳ ಹಾಡು. ನಾಲ್ಕು ಖಾಲಿ ಇದೆ. ಯಾವ ಬ್ರಾಂಡೇ ಆಗಲಿ ಶೋಕೇಸಿನೊಳಗೆ ತುರುಕಬೇಡಿ. ಮೇಲೆ ಒಂದಡಿ ಗಾಳಿಯಾಡಲಿ. ಹಲ್ಲಿ ಇರುವ ಮನೆಯಾದರೆ ಆಫ್ ಮಾಡಿದಾಗ ಒಂದು ಬಟ್ಟೆ ಮುಚ್ಚಿ, ಆನ್ ಮಾಡುವ ಮುಂಚೆ ತೆಗೆಯುವುದು ಮರೆಯಬೇಡಿ.

ಯಮಹಾ ಈಗ ಅಪ್ಪನ ಕೋಣೆಯಲ್ಲಿದೆ, ಎರಡೇ ಸ್ಪೀಕರ್. ಅದರಲ್ಲಿ ಬೇರೆ ಬೇರೆ ಜಾಗದ ಮಾರ್ದನಿ ಸೇರಿಸುವ 17 ಡಿಎಸ್‌ಪಿ ಪ್ರೋಗ್ರಾಂ ಇವೆ. ನಾನು ನಾಲ್ಕು ವರ್ಷ ಒಂದನ್ನೂ ಮುಟ್ಟಿರಲಿಲ್ಲ, ಅವೆಲ್ಲ ಗಿಮಿಕ್ ಅಂದುಕೊಂಡಿದ್ದೆ. ಅಪ್ಪ ಒಂದೊಂದೇ ಒತ್ತಿ ನೋಡಿ, 'ಹಾಲ್ ಇನ್ ವಿಯೆನ್ನಾ' ಎಂಬುದನ್ನು ಆರಿಸಿಕೊಂಡಿದ್ದಾರೆ. ರಾತ್ರಿ ಊಟ ಆದ ಮೇಲೆ ಹಳೇ ಯಕ್ಷಗಾನದ ರೆಕಾರ್ಡಿಂಗ್ ಹಾಕುತ್ತಾರೆ. ಚಂಡೆ ಪೆಟ್ಟು ವಿಯೆನ್ನಾದಲ್ಲಿ ಬಿದ್ದ ಹಾಗೆ ಗುಂಯ್ಗುಡುತ್ತದೆ. 'ಬಯಲಲ್ಲಿ ಕೂತು ಕೇಳಿದ ಹಾಗೇ ಇದೆ ನೋಡು' ಅನ್ನುತ್ತಾರೆ.