ನಾಡದೋಣಿಗೆ ಹೊಸ 9.9 ಎಚ್‌ಪಿ ಪೆಟ್ರೋಲ್ ಎಂಜಿನ್: ಎರಡು ಮಳೆಗಾಲದ ಬಳಕೆಯ ನಂತರ

ಗಂಗೊಳ್ಳಿ ಅಳಿವೆಯಿಂದ ಬೀಡುಬಲೆ ಬಿಟ್ಟು ಮೀನು ಹಿಡಿಯಲು ಹೋಗುವ ನಮ್ಮ ನಾಡದೋಣಿಗೆ, ಹಳೆಯ ಸೀಮೆಎಣ್ಣೆ ಎಂಜಿನ್ ತೆಗೆದು ನಾಲ್ಕು ಸ್ಟ್ರೋಕಿನ 9.9 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್) ಕೂರಿಸಿದ ಮೇಲೆ ಎರಡು ಮಳೆಗಾಲ ಕಳೆದಿವೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವಾಗ ಕಡಲಿಗಿಳಿಯಲು ಅವಕಾಶವಿರುವುದು 10 ಎಚ್‌ಪಿ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ. ಆ ಎರಡು ತಿಂಗಳಲ್ಲಿ ನಸುಕಿಗೆ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಅಂದಿನ ದುಡಿಮೆ ಹೋದಂತೆಯೇ ಸರಿ. ಆದ್ದರಿಂದ ಈ ವಿಮರ್ಶೆಯಲ್ಲಿ ವೇಗ, ಸದ್ದು, ಹೊಗೆಯ ಮಾತು ಕಡಿಮೆ. ಅವುಗಳಲ್ಲಿ ಹೊಸ ಎಂಜಿನ್ ಹಳೆಯದಕ್ಕಿಂತ ಎಷ್ಟೋ ಮೇಲು ಎಂದರೆ ಸಾಕು. ಮೊದಲ ಮಳೆಗಾಲದಲ್ಲಿ ನಮ್ಮನ್ನು ಕಾಡಿದ್ದು ಸ್ಟಾರ್ಟಿಂಗ್, ಮತ್ತು ಪ್ರತಿ ಬಾರಿಯೂ ಕಾರಣ ಸಿಕ್ಕಿದ್ದು ಎಂಜಿನ್ನಿನ ಹೊಟ್ಟೆಯೊಳಗಲ್ಲ, ಅದಕ್ಕೆ ಪೆಟ್ರೋಲ್ ತಲುಪುವ ದಾರಿಯಲ್ಲಿ ಅಥವಾ ಅದನ್ನು ಕೈಯಾಡಿಸಿದ ರೀತಿಯಲ್ಲಿ.

ಸೀಮೆಎಣ್ಣೆ ಎಂಜಿನ್ ಓಡಿಸಿದವರಿಗೆ ಅದರ ಕ್ರಮ ಗೊತ್ತೇ ಇದೆ: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ದಡ ಹತ್ತಿರವಾದಾಗ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸಬೇಕು; ಇಲ್ಲದಿದ್ದರೆ ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಷ್ಟು ಹಗ್ಗ ಎಳೆದರೂ ಎಂಜಿನ್ ಅಲುಗುವುದಿಲ್ಲ. ಹೊಸ ಎಂಜಿನ್ನಿಗೆ ಆ ರಗಳೆ ಇಲ್ಲ ಎಂಬುದು ನಿಜ. ಆದರೆ ಅದಕ್ಕೆ ಅದರದ್ದೇ ಆದ ಶಿಸ್ತು ಬೇಕು, ಮತ್ತು ಅಂಗಡಿಯವರು ಅದನ್ನು ಹೇಳಿಕೊಡುವುದಿಲ್ಲ.

ಮೊದಲ ತೊಂದರೆ ಮನೆಗೆ ಬಂದ ದಿನವೇ ಕಾಣಿಸಿತು. ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸಿತು, ಆದ ಮೇಲೆ ದಟ್ಟವಾದ ನೀಲಿ ಹೊಗೆ ಬಿಟ್ಟಿತು. ಸಾಗಿಸಿದವರು ಅದನ್ನು ಪಿಕಪ್ ವಾಹನದಲ್ಲಿ ತಪ್ಪು ಮಗ್ಗುಲಿಗೆ ಮಲಗಿಸಿದ್ದರು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಯಿಲ್ ಅಡಿಯ ತೊಟ್ಟಿಯಲ್ಲಿ ಇರುತ್ತದೆ. ಕಂಪನಿ ತೋರಿಸಿದ ಮಗ್ಗುಲನ್ನು ಬಿಟ್ಟು ಬೇರೆ ಕಡೆಗೆ ಮಲಗಿಸಿದರೆ ಅದು ಸಿಲಿಂಡರಿಗೆ ಇಳಿದು ಸ್ಪಾರ್ಕ್ ಪ್ಲಗ್ಗನ್ನು ನೆನೆಸಿಬಿಡುತ್ತದೆ. ಪ್ಲಗ್ ಬಿಚ್ಚಿ ಒರೆಸಿ, ಹಗ್ಗ ಎಳೆದು ಒಳಗಿನ ಆಯಿಲ್ ಹೊರಹಾಕಿ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡಿಕೊಂಡ ಮೇಲೆ ಸರಿಹೋಯಿತು. ಯಾವ ಮಗ್ಗುಲಿಗೆ ಮಲಗಿಸಬೇಕು ಎಂಬುದನ್ನು ಕೈಪಿಡಿಯಲ್ಲಿ ಚಿತ್ರ ಸಹಿತ ಕೊಟ್ಟಿರುತ್ತಾರೆ. ಖರೀದಿಸುವವರು ಸಾಗಣೆಯ ದಿನ ಎದುರಿಗೆ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಅನಂತರದ್ದು ಹೆಚ್ಚು ಗೊಂದಲದ ತೊಂದರೆ: ಚೆನ್ನಾಗಿ ಸ್ಟಾರ್ಟ್ ಆಗಿ, ಅಳಿವೆ ದಾಟುವ ಹೊತ್ತಿಗೆ ಉಸಿರು ಕಟ್ಟಿದಂತೆ ನಿಂತುಹೋಗುವುದು. ಇಲ್ಲಿ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನಲ್ಲಿರುವ, ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಬಲ್ಬನ್ನು ಗಮನಿಸಬೇಕು. ನಿಂತ ತಕ್ಷಣ ಬಲ್ಬ್ ಒಳಕ್ಕೆ ಚಪ್ಪಟೆಯಾಗಿದ್ದರೆ ಟ್ಯಾಂಕಿಗೆ ಗಾಳಿ ಹೋಗುತ್ತಿಲ್ಲ ಎಂದರ್ಥ; ಮುಚ್ಚಳದ ಮೇಲಿನ ಸಣ್ಣ ಗಾಳಿ ತಿರುಪನ್ನು ಸಡಿಲಿಸಿದರೆ ಮುಗಿಯಿತು. ಮಳೆನೀರು ಒಳಹೋದೀತೆಂದು ಆ ತಿರುಪನ್ನು ಬಿಗಿಯಾಗಿ ಮುಚ್ಚಿಡುವುದು ನಮ್ಮ ಕಡೆ ರೂಢಿ, ಅದು ದಡದಲ್ಲಿ ಸರಿ, ಓಡಿಸುವಾಗ ಅಲ್ಲ. ಅದರ ಬದಲು ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ, ಪೈಪಿನ ತುದಿಯ ಕನೆಕ್ಟರಿನ ರಬ್ಬರ್ ಉಂಗುರ ಸವೆದು ಗಾಳಿ ಎಳೆಯುತ್ತಿರಬಹುದು, ಇಲ್ಲವೇ ಬಲ್ಬನ್ನು ತಿರುಗಮುರುಗಾಗಿ ಜೋಡಿಸಿರಬಹುದು. ಅದರ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗೇ ಇರಬೇಕು.

ಹಗ್ಗವೇ ಎಳೆಯಲು ಬಾರದಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಹಗ್ಗ ಬಂದರೂ ಎಂಜಿನ್ ಸ್ವಲ್ಪವೂ ಮಿಸುಕದಿದ್ದರೆ ತುರ್ತು ನಿಲುಗಡೆಯ ಕೆಂಪು ಹಗ್ಗದ ಕ್ಲಿಪ್ ತನ್ನ ಜಾಗದಲ್ಲಿ ಕುಳಿತಿದೆಯೇ ನೋಡಿ. ಇವೆರಡನ್ನೂ ನೋಡದೆ ಮೆಕ್ಯಾನಿಕ್‌ನನ್ನು ಕರೆಸಿದ ಎಷ್ಟೋ ದೋಣಿಗಳನ್ನು ನಮ್ಮ ಬಂದರಿನಲ್ಲಿ ಕಂಡಿದ್ದೇನೆ.

ಇವೆಲ್ಲಕ್ಕಿಂತ ದೊಡ್ಡ ತಲೆನೋವು ಪೆಟ್ರೋಲೇ. 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ರಸ್ತೆಯ ವಾಹನಗಳ ಮಾತು ಬೇರೆ. ಮಳೆಗಾಲದ ಕರಾವಳಿಯಲ್ಲಿ, ಅರ್ಧ ಖಾಲಿಯಾದ ಟ್ಯಾಂಕನ್ನು ತೇವದ ಗಾಳಿಯಲ್ಲಿಟ್ಟರೆ ಎಥೆನಾಲ್ ನೀರನ್ನು ಹೀರುತ್ತದೆ, ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಮತ್ತು ಎಂಜಿನ್ ಮೊದಲು ಹೀರುವುದು ಆ ತಳದಿಂದಲೇ. ಜುಲೈನ ಒಂದು ಬೆಳಗ್ಗೆ ಪರಿಚಿತ ಮೆಕ್ಯಾನಿಕ್ ಒಬ್ಬರು ಕಾರ್ಬ್ಯುರೇಟರ್ ಬಟ್ಟಲಿನ ಅಡಿಯ ತಿರುಪು ಸಡಿಲಿಸಿ ಅದರಲ್ಲಿದ್ದುದನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದರು. ಮೇಲೆ ಪೆಟ್ರೋಲ್, ಕೆಳಗೆ ಮಸುಕಾದ ಬೇರೊಂದು ಪದರ, ನಡುವೆ ಗೀಟು ಎಳೆದಷ್ಟು ಸ್ಪಷ್ಟವಾದ ಗಡಿ. ಅದನ್ನು ನೋಡಿದ ಮೇಲೆ ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿ ಎಂಬ ಸಲಹೆಗಳಿಗೆ ನಾನು ಕಿವಿಗೊಡುವುದನ್ನೇ ಬಿಟ್ಟೆ.

ಟ್ಯಾಂಕ್ ಮತ್ತು ಬಲ್ಬಿನ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿದ್ದು ಈ ಎಂಜಿನ್ನಿಗೆ ನಾವು ಮಾಡಿದ ಅತ್ಯುತ್ತಮ ಖರ್ಚು. ಇದು ಎಂಜಿನ್ನಿನ ಜೊತೆಗೇ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಪೆಟ್ರೋಲನ್ನು ಒಂದು ವಾರಕ್ಕೆ ಆಗುವಷ್ಟು ಮಾತ್ರ ತರುತ್ತೇವೆ. ದೋಣಿ ಕೆಲವು ದಿನ ದಡದಲ್ಲೇ ಉಳಿಯುವುದಿದ್ದರೆ, ಸಿಹಿನೀರಿನಲ್ಲಿ ತೊಳೆಯುವಾಗಲೇ ಪೈಪ್ ಕಳಚಿ, ಬಟ್ಟಲಿನ ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ನಿಲ್ಲಿಸುತ್ತೇವೆ. ನೀರಿಲ್ಲದೆ ಮಾತ್ರ ಒಂದು ಕ್ಷಣವೂ ಓಡಿಸಬಾರದು, ಎಂಜಿನ್ನನ್ನು ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ.

ಬಟ್ಟಲಿನಲ್ಲಿ ಹಳೆಯ ಪೆಟ್ರೋಲ್ ಒಣಗಿ ಅಂಟಾದರೆ ಮೊದಲು ಕಟ್ಟಿಕೊಳ್ಳುವುದು ಪೈಲಟ್ ಜೆಟ್, ಅಂದರೆ ನಿಧಾನ ವೇಗದಲ್ಲಿ ಪೆಟ್ರೋಲ್ ಬಿಡುವ ಕಾರ್ಬ್ಯುರೇಟರಿನ ಸಣ್ಣ ನಳಿಕೆ. ಅದರ ರಂಧ್ರ ಅರ್ಧ ಮಿಲಿಮೀಟರಿಗೂ ಕಿರಿದು. ಬಿಸಿಯಾದ ಮೇಲೂ ಚೋಕ್ ಎಳೆದರೆ ಮಾತ್ರ ಎಂಜಿನ್ ಓಡುತ್ತದೆ, ಚೋಕನ್ನು ಒಳಕ್ಕೆ ಒತ್ತಿದ ಕೂಡಲೇ ನಿಲ್ಲುತ್ತದೆ ಎಂದಾದರೆ ಅನುಮಾನ ಅದರ ಮೇಲೆಯೇ. ತಂತಿ ತೂರಿಸಿ ಸ್ವಚ್ಛ ಮಾಡುವವರ ಕೈಗೆ ಕೊಡಬೇಡಿ, ರಂಧ್ರ ದೊಡ್ಡದಾಗಿ ಎಂಜಿನ್ ಎಂದೂ ಸರಿಯಾಗಿ ಓಡದು. ಕ್ಲೀನರ್ ದ್ರವ ಮತ್ತು ಗಾಳಿಯ ಒತ್ತಡ ಸಾಕು. ಇದಕ್ಕೆ ವಿರುದ್ಧವಾದ ಲಕ್ಷಣವೂ ಉಂಟು: ಬಿಸಿ ಎಂಜಿನ್ನಿಗೆ ಚೋಕ್ ಹಾಕಿ ಪದೇ ಪದೇ ಹಗ್ಗ ಎಳೆದು, ಸುತ್ತಲೂ ಪೆಟ್ರೋಲ್ ವಾಸನೆ ಹರಡುವುದು. ಆಗ ಚೋಕ್ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಥ್ರಾಟಲ್ ಹೆಚ್ಚು ತೆರೆದು ಎಳೆದರೆ ಸ್ಟಾರ್ಟ್ ಆಗುತ್ತದೆ. ಆದ ಕೂಡಲೇ ಥ್ರಾಟಲ್ ಇಳಿಸಬೇಕು.

ಎರಡನೆಯ ಮಳೆಗಾಲದಲ್ಲಿ ಸ್ಟಾರ್ಟಿಂಗ್ ವಿಷಯವಾಗಿ ದೂರು ಹೇಳುವಂಥದ್ದೇನೂ ಇರಲಿಲ್ಲ. ಎಂಜಿನ್ನಿಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಮಾರಾಟದ ನಂತರದ ಸೇವೆಗೆ ಎರಡು ಕೊಟ್ಟರೆ ಹೆಚ್ಚು. ವಾರಂಟಿ ಉಳಿಯಬೇಕಾದರೆ ಮೊದಲ ಸರ್ವೀಸ್ ಮಾರಿದ ಅಂಗಡಿಯವರಲ್ಲೇ ಆಗಬೇಕು, ಆದರೆ ಹಂಗಾಮಿನಲ್ಲಿ ಅವರ ಮೆಕ್ಯಾನಿಕ್ ಸಿಗುವುದಿಲ್ಲ. ಕಾರ್ಬ್ಯುರೇಟರಿನ ಗ್ಯಾಸ್ಕೆಟ್‌ನಂಥ ಸಣ್ಣ ಭಾಗಕ್ಕೂ ಕುಂದಾಪುರದಲ್ಲಿ ದಾಸ್ತಾನಿಲ್ಲ, ಮಂಗಳೂರಿನಿಂದ ತರಿಸಬೇಕು. ಕೊಳ್ಳುವವರು ಬೆಲೆಗೆ ಚೌಕಾಶಿ ಮಾಡುವ ಬದಲು ಒಂದು ಜೊತೆ ಪ್ಲಗ್, ಒಂದು ಗ್ಯಾಸ್ಕೆಟ್ ಸೆಟ್, ಕನೆಕ್ಟರಿನ ರಬ್ಬರ್ ಉಂಗುರಗಳು ಮತ್ತು ಪಂಪಿನ ರಬ್ಬರ್ ಚಕ್ರವನ್ನು ಎಂಜಿನ್ನಿನ ಜೊತೆಗೇ ಕೇಳಿ ಪಡೆಯಲಿ, ಅದೂ ಮೇ ತಿಂಗಳು ಮುಗಿಯುವುದರೊಳಗೆ.