ರಿವಾಲ್ವರ್ ಇಡಲು ಮೂರು ಪೆಟ್ಟಿಗೆಗಳು: ಬೆರಳಚ್ಚು, ಅಂಕಿ ಮತ್ತು ಬೀಗದ ಕೈ

ಹರಿಹರದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಹೇಳಿ ಮಾಡಿಸಿದ, ಬೀಗದ ಕೈಯಿಂದ ಮಾತ್ರ ತೆರೆಯುವ ಉಕ್ಕಿನ ಪೆಟ್ಟಿಗೆಯೇ ಈ ಮೂರರಲ್ಲಿ ನನಗೆ ಮೆಚ್ಚುಗೆಯಾದದ್ದು ಎಂಬುದನ್ನು ಆರಂಭದಲ್ಲೇ ತಿಳಿಸಿಬಿಡುತ್ತೇನೆ. ಉಳಿದೆರಡನ್ನೂ ಚನ್ನಗಿರಿ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ, ಅದೇ ಬೀರುವಿನೊಳಗೆ, ಅದೇ ಕಾನ್ಪುರ ಆರ್ಡ್ನನ್ಸ್ ಕಾರ್ಖಾನೆಯ .32 ರಿವಾಲ್ವರ್ ಇಟ್ಟು ಬಳಸಿದ್ದೇನೆ. ಹೊಸದಾಗಿ ಲೈಸೆನ್ಸ್ ಪಡೆದು, ಆಯುಧವನ್ನು ಮನೆಗೆ ತಂದು, ಎಲ್ಲಿಡುವುದೆಂದು ಯೋಚಿಸುತ್ತಿರುವವರಿಗೆ ಈ ಹೋಲಿಕೆ ಉಪಯೋಗಕ್ಕೆ ಬಂದೀತು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿದಾರರು ಆಯುಧ ಸುರಕ್ಷತೆಯ ತರಬೇತಿ ಪಡೆದಿರಬೇಕು ಮತ್ತು ಆಯುಧವನ್ನು ಭದ್ರವಾಗಿ ಇಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಆದರೆ ಭದ್ರವಾಗಿ ಇಡುವುದಕ್ಕೆ ಎಂತಹ ಪೆಟ್ಟಿಗೆ ಸೂಕ್ತವೆಂಬ ಪ್ರಶ್ನೆ ಕೊನೆಗೆ ಕೊಳ್ಳುವವನ ಪಾಲಿಗೇ ಉಳಿಯುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಪೆಟ್ಟಿಗೆ ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು ಹೊಗಳುತ್ತಾರೆ. ಆಯುಧವು ವರ್ಷದ ಬಹುಪಾಲು ಪೆಟ್ಟಿಗೆಯೊಳಗೇ ಇರುವ ವಸ್ತುವಾದ್ದರಿಂದ, ಅದು ಯಾರಿಗೆ ತೆರೆಯಬಾರದೋ ಅವರಿಗೆ ಎಷ್ಟು ಖಂಡಿತವಾಗಿ ತೆರೆಯುವುದಿಲ್ಲ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಶಾಲೆಗೆ ರಜೆ ಬಂತೆಂದರೆ ಅಕ್ಕ ತಂಗಿಯರ ಮಕ್ಕಳೆಲ್ಲ ನೆರೆಯುವ ಮನೆ ನಮ್ಮದು.

ಬೆರಳಚ್ಚಿನ ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ಸುಮಾರು 9,000 ರೂಪಾಯಿಗೆ ತರಿಸಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು, ಬೇಸಿಗೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಅಡಿಕೆ ಕೊಯ್ಲು ಆರಂಭವಾದ ಮೇಲೆ ಅದರ ನಿಜವಾದ ಗುಣ ತಿಳಿಯಿತು. ನಮ್ಮ ಭಾಗದಲ್ಲಿ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯುವ ಗಾಢ ರಸದ) ಬಣ್ಣ ಕಟ್ಟಿ ಒಣಗಿಸುವುದು ರೂಢಿ. ಆ ಕೆಲಸದಲ್ಲಿ ಕೈಯಾಡಿಸುವವರ ಬೆರಳ ತುದಿಗಳು ಕಪ್ಪಾಗಿ, ಒರಟಾಗಿ, ಕೆಲವೆಡೆ ಸೀಳಿ, ರೇಖೆಗಳೇ ಕಾಣದಂತಾಗುತ್ತವೆ. ಇಂತಹ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿರುವ ಸಂವೇದಕವು ಚರ್ಮದ ಏರುತಗ್ಗುಗಳ ನಡುವಿನ ವಿದ್ಯುತ್ ಧಾರಣೆಯ (ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿಯ) ವ್ಯತ್ಯಾಸವನ್ನು ಅಳೆದು ಚಿತ್ರ ಕಟ್ಟಿಕೊಳ್ಳುತ್ತದೆ; ಏರುತಗ್ಗೇ ಸವೆದುಹೋದಾಗ ಅಥವಾ ಚರ್ಮ ತೀರಾ ಒಣಗಿದಾಗ ಅದಕ್ಕೆ ಓದಲು ಏನೂ ಸಿಗುವುದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ಹೆಬ್ಬೆರಳನ್ನು ಸೀರೆಯ ಸೆರಗಿಗೆ ಉಜ್ಜಿ ಉಜ್ಜಿ ಮತ್ತೆ ಮತ್ತೆ ಒತ್ತುವ ಹೆಂಗಸರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರಿದವರಿಗೆ ಫೋನ್ ಮಾಡಿದಾಗ ಕೈ ತೊಳೆದು ಒತ್ತಿ ಎಂದರು, ತೊಳೆದೆ. ಒಂದೇ ಬೆರಳನ್ನು ಬೇರೆ ಬೇರೆ ಕೋನಗಳಲ್ಲಿ ನೋಂದಾಯಿಸಿ ಎಂದರು, ಅದನ್ನೂ ಮಾಡಿದೆ. ಕಿರುಬೆರಳು ಕಡಿಮೆ ಸವೆಯುತ್ತದೆ, ಅದನ್ನು ಸೇರಿಸಿ ಎಂದರು. ಕಿರುಬೆರಳು ಕೆಲವು ದಿನ ನಡೆಯಿತು, ತೋಟದ ಕೆಲಸ ಜೋರಾದಂತೆ ಅದೂ ಕೈಕೊಟ್ಟಿತು. ಕೊನೆಗೆ ಅವರು ತುರ್ತು ಬೀಗದ ಕೈ ಬಳಸಿ ಎಂದು ಸೂಚಿಸಿದಾಗ ನನಗೆ ನಗು ಬಂತು. ಏಕೆಂದರೆ ಬ್ಯಾಟರಿ ಮುಗಿದರೆ ಬೇಕಾಗುತ್ತದೆಂದು ಪೆಟ್ಟಿಗೆಯ ಜೊತೆಯಲ್ಲೇ ಬಂದಿದ್ದ ಆ ಕೈಯನ್ನು ಎಲ್ಲಿ ಬಚ್ಚಿಡುವುದೆಂಬುದೇ ನನ್ನ ಮೂಲ ಸಮಸ್ಯೆಯಾಗಿತ್ತು. ಬೀರುವಿನ ಮೇಲೆ ಇಟ್ಟರೆ ಮಕ್ಕಳು ಕುರ್ಚಿ ಹತ್ತುತ್ತಾರೆ, ದೇವರ ಮನೆಯಲ್ಲಿಟ್ಟರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ, ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡು ತಿರುಗಿದರೆ ಬೆರಳಚ್ಚಿಗೆ ಕೊಟ್ಟ ಹಣ ವ್ಯರ್ಥ. ಎಷ್ಟೇ ವಿದ್ಯುನ್ಮಾನ ಸೇರಿಸಿದರೂ ತಳದಲ್ಲಿ ಒಂದು ಸಾಮಾನ್ಯ ಬೀಗ ಇದ್ದೇ ಇರುತ್ತದೆ, ಮತ್ತು ಇಂತಹ ಅಗ್ಗದ ಪೆಟ್ಟಿಗೆಗಳಲ್ಲಿ ಆ ಬೀಗವೇ ಎಲ್ಲಕ್ಕಿಂತ ದುರ್ಬಲವಾದ ಭಾಗ.

ಡಜನ್‌ಗಟ್ಟಲೆ ಬೆರಳಚ್ಚು ನೋಂದಾಯಿಸಬಹುದೆಂದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆದಿದ್ದರು. ಲೈಸೆನ್ಸ್ ಇರುವುದು ಒಬ್ಬನ ಹೆಸರಿನಲ್ಲಿ. ಅದಿಲ್ಲದ ಎರಡನೆಯವರ ಕೈಗೆ ಆಯುಧ ಸಿಗುವಂತೆ ಮಾಡುವ ಸೌಲಭ್ಯದಿಂದ ನನಗೇನು ಪ್ರಯೋಜನ?

ಇಷ್ಟಾದರೂ, ತೆರೆಯದ ಪೆಟ್ಟಿಗೆ ಕೇವಲ ಕಿರಿಕಿರಿ, ತೆರೆಯಬಾರದವರಿಗೆ ತೆರೆಯುವ ಪೆಟ್ಟಿಗೆ ಅಪಾಯ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಸುಮಾರು 61,000 ಬೆರಳಚ್ಚಿನ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಸಿದ ಪ್ರಕಟಣೆ ಹೊರಡಿಸಿತ್ತು. ಮಾಲೀಕರು ತಮ್ಮ ಬೆರಳಚ್ಚನ್ನು ಸರಿಯಾಗಿ ನೋಂದಾಯಿಸಿದ್ದೇವೆಂದು ಭಾವಿಸಿದ್ದರೂ ಆ ಪೆಟ್ಟಿಗೆಗಳು ಆರಂಭದ ಸ್ಥಿತಿಯಲ್ಲೇ ಉಳಿದು ಯಾರ ಬೆರಳಿಗಾದರೂ ತೆರೆದುಕೊಳ್ಳುವ ಸಾಧ್ಯತೆ ಇತ್ತು. ಹನ್ನೆರಡು ವರ್ಷದ ಬಾಲಕನೊಬ್ಬನ ಸಾವಿನ ನಂತರ ಈ ಕ್ರಮ ಬಂತು. ಆದ್ದರಿಂದ ಬೆರಳಚ್ಚಿನ ಪೆಟ್ಟಿಗೆಯನ್ನೇ ಕೊಳ್ಳುವವರು, ಒಳಗೆ ಆಯುಧ ಇಡುವ ಮೊದಲು, ನೋಂದಾಯಿಸದ ಬೆರಳುಗಳಿಂದ ಅದನ್ನು ತೆರೆಯಲು ಪ್ರಯತ್ನಿಸಿ ನೋಡಲೇಬೇಕು. ಬ್ಯಾಟರಿ ಬದಲಿಸಿದ ಮೇಲೆಯೂ ಮತ್ತೊಮ್ಮೆ ನೋಡಬೇಕು.

ಅಂಕಿಗಳ ಪೆಟ್ಟಿಗೆ ದಾವಣಗೆರೆಯ ಅಂಗಡಿಯಲ್ಲಿ 5,500 ರೂಪಾಯಿಗೆ ಸಿಕ್ಕಿತು. ಹೋಟೆಲ್ ಕೋಣೆಗಳಲ್ಲಿ ಇರುವಂತಹದೇ. ಚೊಗರಿನ ಕೈಗೆ ಇದರ ಗುಂಡಿಗಳು ತಕರಾರು ಮಾಡುವುದಿಲ್ಲ, ಆದರೆ ಒತ್ತುವ ನಾಲ್ಕು ಗುಂಡಿಗಳ ಮೇಲಷ್ಟೇ ಕಲೆ ಕೂರುತ್ತದೆ, ಪ್ರತಿ ಒತ್ತಿಗೂ ಕೀಂ ಎನ್ನುತ್ತದೆ. ಮಕ್ಕಳು ಮೊಬೈಲ್‌ನ ಪಾಸ್‌ವರ್ಡ್‌ಗಳನ್ನು ದೂರದಿಂದಲೇ ನೋಡಿ ಕಲಿಯುವ ಕಾಲದಲ್ಲಿ, ಸಂಖ್ಯೆಯೊಂದನ್ನು ಮನೆಯೊಳಗೆ ವರ್ಷಗಟ್ಟಲೆ ಗುಟ್ಟಾಗಿ ಇಡಬಹುದೆಂಬ ನಂಬಿಕೆ ನನಗಿಲ್ಲ. ಸಂಖ್ಯೆಯನ್ನು ಆಗಾಗ ಬದಲಿಸುವ, ಕಾರ್ಖಾನೆಯಿಂದ ಬಂದ ಸಂಖ್ಯೆಯನ್ನು ಮೊದಲ ದಿನವೇ ಅಳಿಸುವ ಶಿಸ್ತು ಇರುವವರಿಗೆ ಇದು ಕೆಟ್ಟ ಆಯ್ಕೆಯಲ್ಲ. ತುರ್ತು ಬೀಗದ ಕೈಯ ತಲೆನೋವು ಮಾತ್ರ ಇಲ್ಲಿಯೂ ತಪ್ಪಿದ್ದಲ್ಲ.

ಇನ್ನು ಹರಿಹರದ ಪೆಟ್ಟಿಗೆ. ಲೇಥ್ ಮತ್ತು ವೆಲ್ಡಿಂಗ್ ಬಲ್ಲ ಕೈಗಳಿಗೆ ಆ ಊರಿನಲ್ಲಿ ಕೊರತೆಯಿಲ್ಲ. ಮೂರು ಮಿಲಿಮೀಟರ್ ಉಕ್ಕಿನ ಹಾಳೆ, ಒಳಗೆ ಅಡಗಿದ ಕೀಲು, ಏಳು ಲಿವರ್‌ಗಳ ಬೀಗ, ಹಿಂಬದಿಯಲ್ಲಿ ಗೋಡೆಗೆ ಬೋಲ್ಟ್ ಹಾಕಲು ರಂಧ್ರಗಳು, ಗುಂಡುಗಳಿಗೆ ಬೇರೆಯೇ ಬೀಗವಿರುವ ಪ್ರತ್ಯೇಕ ಖಾನೆ. ಎಲ್ಲ ಸೇರಿ 3,800 ರೂಪಾಯಿ. ಚಪ್ಪಟೆಯಾದ ಪಿಸ್ತೂಲಿಗೆಂದು ಅಳತೆ ಮಾಡಿದ ಬೆರಳಚ್ಚಿನ ಪೆಟ್ಟಿಗೆಯಲ್ಲಿ ರಿವಾಲ್ವರಿನ, ಗುಂಡು ತುಂಬುವ ಉರುಟು ಸಿಲಿಂಡರ್ ಮುಚ್ಚಳಕ್ಕೆ ತಾಗುತ್ತಿತ್ತು. ಇದರಲ್ಲಿ ಆ ಇಕ್ಕಟ್ಟೂ ಇಲ್ಲ. ಬೋಲ್ಟ್ ಹಾಕುವ ವಿಷಯದಲ್ಲಿ ಉದಾಸೀನ ಸಲ್ಲದು. ಗೋಡೆಗೆ ಬಿಗಿಯದ ಸಣ್ಣ ಪೆಟ್ಟಿಗೆಯನ್ನು ಕಳ್ಳನು ಕಲ್ಲಂಗಡಿಯಂತೆ ಕಂಕುಳಲ್ಲಿ ಇರುಕಿಕೊಂಡು ಹೋಗಿ ಬಿಡುವಾಗಿ ಒಡೆಯುತ್ತಾನೆ, ಅದರ ಮೇಲೆ ಬೆರಳಚ್ಚು ಇದ್ದರೂ ಒಂದೇ, ಅಂಕಿ ಇದ್ದರೂ ಒಂದೇ.

ಇದರ ಬೀಗದ ಕೈಗಳು ಎರಡು. ಒಂದು ಸದಾ ನನ್ನ ಉಡಿದಾರದಲ್ಲಿ ಇರುತ್ತದೆ, ಇನ್ನೊಂದು ಬ್ಯಾಂಕಿನ ಲಾಕರಿನಲ್ಲಿದೆ. ಸ್ನಾನಕ್ಕೆ ಹೋಗುವಾಗಲೂ ಕೈ ನನ್ನ ಜೊತೆಗೇ ಬರುತ್ತದೆಂದು ಮನೆಯವರು ಹಾಸ್ಯ ಮಾಡುವುದುಂಟು. ಬೀಗದ ಕೈಯನ್ನು ಎಲ್ಲೆಂದರಲ್ಲಿ ಬಿಟ್ಟು ಹುಡುಕುವ ಸ್ವಭಾವದವರಿಗೆ ಈ ಪೆಟ್ಟಿಗೆಯನ್ನು ನಾನು ಶಿಫಾರಸು ಮಾಡಲಾರೆ. ಅಂತಹವರಿಗೆ ಅಂಕಿಯ ಪೆಟ್ಟಿಗೆಯೇ ಮೇಲು.

ಪೆಟ್ಟಿಗೆಯೊಳಗೆ ಇನ್ನೊಂದು ಬೀಗ ಬೇಕೇ ಎಂದು ಕೇಳುವವರಿದ್ದಾರೆ. ಬೇಕು, ಆದರೆ ಟ್ರಿಗರ್ ಬೀಗಕ್ಕಿಂತ, ಆಯುಧದೊಳಗೆ ಉಕ್ಕಿನ ತಂತಿ ತೂರಿಸಿ ಹಾಕುವ ಕೇಬಲ್ ಬೀಗವೇ ಉತ್ತಮ. ಟ್ರಿಗರ್ ಬೀಗವು ಟ್ರಿಗರಿನ ಸುತ್ತ ಎರಡು ಬದಿಯಿಂದ ಕಚ್ಚಿಕೊಳ್ಳುತ್ತದೆ. ಒಳಗೆ ಗುಂಡು ಇದ್ದಾಗ ಅದನ್ನು ಹಾಕುವುದು ಅಥವಾ ತೆಗೆಯುವುದು ಟ್ರಿಗರನ್ನೇ ತಾಗುವ ಕೆಲಸವಾದ್ದರಿಂದ ಅಪಾಯಕಾರಿ, ಮತ್ತು ಒಳಗೆ ಗುಂಡು ಇದೆಯೋ ಇಲ್ಲವೋ ಎಂಬುದನ್ನು ಆ ಬೀಗವು ಹೇಳುವುದಿಲ್ಲ. ಕೇಬಲ್ ಹಾಕಬೇಕಾದರೆ ಆಯುಧವನ್ನು ತೆರೆಯಲೇಬೇಕು. ನನ್ನ ರಿವಾಲ್ವರ್ ಮೇಲ್ಭಾಗದಲ್ಲಿ ಬಿಚ್ಚಿಕೊಂಡು ನಳಿಗೆ ಮುಂದಕ್ಕೆ ಬಾಗುವ ಬಗೆಯದು. ಹಾಗೆ ಬಾಗಿಸಿದಾಗ ಗುಂಡುಗಳಿದ್ದರೆ ಅವು ತಾವಾಗಿಯೇ ಮೇಲಕ್ಕೆ ಎದ್ದು ಬರುತ್ತವೆ. ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಮನೆಗಳು ಖಾಲಿ ಇರುವುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ನಳಿಗೆಯೊಳಗೆ ಕೇಬಲ್ ತೂರಿಸಿದರೆ ಆಯುಧವನ್ನು ಮತ್ತೆ ಮುಚ್ಚಲು ಯಾರಿಂದಲೂ ಆಗುವುದಿಲ್ಲ. ಇಷ್ಟೂ ಹೊತ್ತು ನಳಿಗೆ ಹೊರಗೋಡೆಯ ಕಡೆಗೆ ಇರಬೇಕು, ಬೆರಳು ಟ್ರಿಗರಿನ ಹೊರಗಿರಬೇಕು. ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಪ್ರತಿ ಸಲವೂ ಮಾಡಿಸುವ ಬೀಗವೆಂಬುದೇ ಕೇಬಲ್‌ನ ದೊಡ್ಡ ಗುಣ, ಅದರ ಬೆಲೆಯೋ ಕೆಲವೇ ನೂರು ರೂಪಾಯಿ.

ಮಹಾನವಮಿಯ ಆಯುಧಪೂಜೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಟ್ರ್ಯಾಕ್ಟರ್, ಕತ್ತಿ, ಗುದ್ದಲಿಗಳ ಸಾಲಿನಲ್ಲಿ ರಿವಾಲ್ವರನ್ನೂ ಇಟ್ಟು ಕುಂಕುಮ ಹಚ್ಚುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅಂದು ಮನೆ ತುಂಬ ನೆಂಟರು, ಮಕ್ಕಳು. ಆಯುಧವು ಇಡೀ ವರ್ಷದಲ್ಲಿ ಎಲ್ಲರ ಕಣ್ಣಿಗೂ ಕೈಗೂ ಎಟುಕುವ ದಿನ ಅದೊಂದೇ. ಒದ್ದೆ ಅರಿಸಿನ ಕುಂಕುಮ, ನಿಂಬೆಯ ರಸ ಉಕ್ಕಿನ ಮೇಲೆ ಉಳಿದರೆ ತುಕ್ಕು ಹಿಡಿಯುವುದು ಬೇರೆ. ನಾವು ಪೆಟ್ಟಿಗೆಗೇ ಪೂಜೆ ಮಾಡುತ್ತೇವೆ, ಬೀಗ ಹಾಕಿದ ಹಾಗೆಯೇ. ತುಕ್ಕಿನ ಮಾತು ಬಂದದ್ದರಿಂದ ಹೇಳುತ್ತೇನೆ: ಚರ್ಮದ ಚೀಲದಲ್ಲಿ ಇಟ್ಟು ಪೆಟ್ಟಿಗೆ ಮುಚ್ಚಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ; ತೆಳುವಾಗಿ ಎಣ್ಣೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಟ್ಟರೆ ಸಾಕು.

ಚುನಾವಣೆಯ ಸಮಯದಲ್ಲಿ ಆಯುಧವನ್ನು ಠಾಣೆಗೆ ಒಪ್ಪಿಸಿ ಬರಲು ಹಗುರವಾದ ಬೆರಳಚ್ಚಿನ ಪೆಟ್ಟಿಗೆ ಅನುಕೂಲ. ಅದನ್ನು ಇನ್ನೂ ಮಾರದೆ ಇಟ್ಟುಕೊಂಡಿರುವುದು ಆ ಒಂದು ಕಾರಣಕ್ಕೆ. ಅಂಕಿಯ ಪೆಟ್ಟಿಗೆಯಲ್ಲಿ ಈಗ ಪಹಣಿ, ಪಾಸ್‌ಬುಕ್ಕುಗಳಿವೆ. ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಹರಿಹರದ ಪೆಟ್ಟಿಗೆಯನ್ನು ಭಾರವಾದ ಬೀರುವಿನ ತಳಕ್ಕೆ ಒಳಗಿನಿಂದ ಬೋಲ್ಟ್ ಮಾಡಿಸಬಹುದು, ಅದಕ್ಕೆ ತಳದಲ್ಲೂ ನಾಲ್ಕು ರಂಧ್ರಗಳನ್ನು ಮೊದಲೇ ಹೇಳಿ ಹಾಕಿಸಿಕೊಳ್ಳಬೇಕು.